ಕೊನೆಯ ಪಂಕ್ತಿಯ ಅಂಕಯ್ಯ

ಮಳವಳ್ಳಿಯ ಸೊಸೈಟಿ ಚೇರ್ಮನ್ ಮರಿಸಿದ್ದಯ್ಯನ ಮನೆಯ ಬಾಡೂಟಗಳಲ್ಲಿ ಅಂಕಯ್ಯ ಒಂಬತ್ತು ವರ್ಷ ಕೊನೆಯ ಪಂಕ್ತಿಯಲ್ಲೇ ಉಂಡ. ಮನೆಯವರು ಕೊನೆಗೆ ಕೂರುವುದು ನಮ್ಮ ಕಡೆಯ ರೂಢಿ. ಹಾಗಾಗಿ ಎಲೆಗೆ ಬರೀ ಸಾರು ಬಿದ್ದರೂ ಅವನ ಎದೆ ಉಬ್ಬುತ್ತಿತ್ತು. ಪಾಪ, ಮೂಳೆಯೂ ಸಿಗದ ಮಾನ!

ಅವನಿಗೆ ಬೇಕಿದ್ದದ್ದು ಸೊಸೈಟಿಯ ಅಟೆಂಡರ್ ಕೆಲಸ, ಅಷ್ಟೇ. ಎಪ್ಪತ್ತೆಂಟನೇ ಇಸವಿಯಲ್ಲಿ ಆ ಜಾಗ ಖಾಲಿಯಾಯಿತು. ಅಂಕಯ್ಯ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡುವ ವರದರಾಜ ಅಯ್ಯಂಗಾರರ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಅಯ್ಯಂಗಾರರು ಅವನ ಕಥೆಯೆಲ್ಲ ಕೇಳಿ, ಇಂಗ್ಲಿಷಿನಲ್ಲಿ ‘ಸ್ಟಾಂಚ್’ ಎಂದು ಕುಟ್ಟಿದರು.

"ಅಂಗಂದ್ರೇನು ಸೋಮಿ?"

"ಏನೇ ಆದರೂ ಕೈ ಬಿಡದವನು ಅಂತ. ಬರೀ ನಂಬಿಕಸ್ಥ ಅಂದರೆ ಸಾಲದು. ಸಿಡಿಲು ಬಡಿದರೂ ಕದಲಬಾರದು, ಅಂಥ ಬೆಂಬಲಿಗನಿಗೆ ಈ ಮಾತು."

ಅಂಕಯ್ಯನಿಗೆ ಪದ ಬಲು ಹಿಡಿಸಿತು. ಮದ್ದೂರು ಬಸ್ಸಿನ ಕಂಡಕ್ಟರಿಗೂ ಹೇಳಿಕೊಂಡ. ಹೆಂಡತಿ ಚಲುವಮ್ಮ ಮಾತ್ರ, "ಕೆಲ್ಸ ಸಿಕ್ಕಿದ್‌ಮ್ಯಾಲೆ ಬಡ್ಕೊ, ಈಗ ಸುಮ್ಕಿರು" ಎಂದಳು.

ಕೆಲಸ ಚಿಕ್ಕಬೋರಯ್ಯನ ಪಾಲಾಯಿತು. ಆ ಮಹಾನುಭಾವ ಮೂರು ಚುನಾವಣೆಯಲ್ಲಿ ಮೂರು ಕಡೆ ಕುಣಿದವನು. ಊಟಕ್ಕೆ ಮಾತ್ರ ಯಾವಾಗಲೂ ಮೊದಲ ಪಂಕ್ತಿ, ಎಲೆ ತುಂಬ ತುಂಡು.

ಅಂಕಯ್ಯ ಅರ್ಜಿಯ ನಕಲು ಹಿಡಿದು ಚೇರ್ಮನ್ ಮನೆಗೆ ಓಡಿದ. ಮರಿಸಿದ್ದಯ್ಯ ಆ ಪದದ ಮೇಲೇ ಬೆರಳಿಟ್ಟು ನಕ್ಕ.

"ಕೈ ಬುಡಲ್ಲ ಅಂತ ನೀನೇ ಬರ್ಸಿದ್ದೀಯಲ್ಲ! ಬೋರಯ್ಯಂಗೆ ಕೊಡ್ನಿಲ್ಲ ಅಂದ್ರೆ ನಾಳೀಕೇ ಜವರಯ್ಯನ ಕಡೀಕೆ ಓಯ್ತಾನೆ. ನೀನೆಲ್ಲಿಗ್ಲಾ ಓಯ್ತೀಯೆ? ಮನೆಯೋನು ಕಣ್ಲಾ ನೀನು. ಒಳಕ್ಕೋಗಿ ಉಣ್ಣೋಗು, ಸಾರು ಮಿಕ್ಕದೆ."

ಅಂಕಯ್ಯ ಉಣ್ಣಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯ ಊಟ ಬಿಟ್ಟು ಹೊರಬಿದ್ದ. ನೇರ ಬಂದು ಆ ನಕಲನ್ನು ಅಯ್ಯಂಗಾರರ ಟೈಪ್‌ರೈಟರ್ ಮೇಲೆ ಕುಕ್ಕಿದ.

"ಈ ಪದ ಒಡ್ದಾಕಿ ಸೋಮಿ. ಯಾವತ್ತು ಬೇಕಾದ್ರೂ ಬುಟ್ಟೋಗೋನು ಅನ್ನಕೆ ಇಂಗ್ಲೀಸ್ನಲ್ಲಿ ಏನಂತಾರೋ ಅದ್ನ ಆಕಿ."

"ಅದನ್ನು ಬರೆದು ತೋರಿಸೋದಲ್ಲಯ್ಯ, ಹೋಗಿ ತೋರಿಸಬೇಕು."

ಅಂಕಯ್ಯ ಹೋದ. ಮುಂದಿನ ಭಾನುವಾರ ಎದುರು ಗುಂಪಿನ ಜವರಯ್ಯನ ಮನೆಯಲ್ಲಿ ಬಾಡೂಟವಿತ್ತು. ಅವನನ್ನು ಕಂಡದ್ದೇ ತಡ, ಜವರಯ್ಯ ಕೈ ಹಿಡಿದು ಮೊದಲ ಪಂಕ್ತಿಯಲ್ಲೇ ಕೂರಿಸಿದ. ಜನ್ಮದಲ್ಲಿ ಕಾಣದಷ್ಟು ತುಂಡು ಎಲೆಗೆ ಬಿತ್ತು. ತುತ್ತು ಕಲಸಿದ ಅಂಕಯ್ಯ ಅದನ್ನು ಬಾಯಿಗಿಡದೆ ಪಕ್ಕದವನ ಕಡೆ ಬಾಗಿ ಕೇಳಿದ:

"ನಮ್ ಚೇರ್ಮನ್ರು ನೊಂದ್ಕಬುಟ್ಟಾರೇನ್ಲಾ?"