ವರದಿ ಅಳಿಸಿದವರು ಯಾರು

"ಪ್ರೋಗ್ರಾಂ ಅಳಿಸಿಲ್ಲ ಸರ್, ಖಾತ್ರಿ" ಎಂದು ಡಾಕ್ಟರಿಗೆ ಹೇಳಿದವಳು ನಾನೇ. ಆ ಒಂದು ಮಾತಿಗೆ ಮೊಳಕಾಲ್ಮುರಿನ ಅಕ್ಕನ ಕೆಲಸ ಹೋಗುವುದರಲ್ಲಿತ್ತು.

ಚಳ್ಳಕೆರೆಯಲ್ಲಿ ಆ ಡಾಕ್ಟರು ನಡೆಸುತ್ತಿದ್ದ ಖಾಸಗಿ ಲ್ಯಾಬಿನ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಲ್ಯಾಬಿನ ಶಾಖೆ ಮೊಳಕಾಲ್ಮುರಿನಲ್ಲಿತ್ತು. ಅಲ್ಲಿ ರಕ್ತ ತೆಗೆದು, ಪರೀಕ್ಷೆ ಮಾಡಿ, ವರದಿಯನ್ನು ನಮ್ಮ ಸರ್ವರಿಗೆ ಕಳಿಸುತ್ತಿದ್ದವರು ಒಬ್ಬರೇ ಟೆಕ್ನಿಷಿಯನ್. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು, ಅಕ್ಕ ಎಂದೇ ಕರೆಯುತ್ತಿದ್ದೆ. ಆ ತಿಂಗಳು ಅವರು ಕಳಿಸಿದ ವರದಿಗಳು ಬಂದ ಅರ್ಧ ಗಂಟೆಯೊಳಗೆ ಮಾಯವಾಗತೊಡಗಿದವು. ಅವರವು ಮಾತ್ರ. ಕೊಂಡ್ಲಹಳ್ಳಿಯ ಬಸುರಿಯೊಬ್ಬಳಿಗೆ ಒಂದೇ ಪರೀಕ್ಷೆಗೆ ಎರಡು ಸಲ ಸೂಜಿ ಚುಚ್ಚಬೇಕಾಯಿತು. ಅವಳ ಗಂಡ ಬಂದು ಕೂಗಾಡಿ ಹೋದ.

ಸರ್ವರಿನಲ್ಲಿ ಯಾವ ಕಡತ ಅಳಿಯಬೇಕಾದರೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಮೂಲಕವೇ ಆಗಬೇಕು. ಅಲ್ಲಿ ಪ್ರೋಬ್ ಎಂಬ ಸಣ್ಣ ಕಾವಲು ತುಣುಕನ್ನು ಕೂರಿಸಿದರೆ, ಯಾವುದನ್ನು ಯಾರು ಅಳಿಸಿದರೆಂದು ಅದು ಬರೆದುಕೊಳ್ಳುತ್ತದೆ. ಆದರೆ ಒಳಗೆ ಒಂದೇ ಹೊತ್ತಿಗೆ ನೂರಾರು ಕೆಲಸಗಳು ನಡೆಯುತ್ತಿರುತ್ತವೆ, ಒಂದೊಂದಕ್ಕೂ ಒಂದೊಂದು ನಂಬರು. ಎಲ್ಲವನ್ನೂ ಬರೆಸಿಕೊಂಡರೆ ಓದಿ ಮುಗಿಯುವುದಿಲ್ಲ. ಹಾಗಾಗಿ ಬಂದ ವರದಿಗಳನ್ನು ಜೋಡಿಸಿಡುವ ವರದಿ ಪ್ರೋಗ್ರಾಂನ ನಂಬರೊಂದನ್ನೇ ಕೊಟ್ಟು, ಮಿಕ್ಕದ್ದೆಲ್ಲ ಬೇಡವೆಂದು ಫಿಲ್ಟರ್ ಹಾಕಿದೆ. ಎರಡು ದಿನ ವರದಿಗಳು ಮಾಯವಾದವು. ಪ್ರೋಬ್ ಒಂದು ಸಾಲೂ ಬರೆಯಲಿಲ್ಲ. ಅದನ್ನೇ ಡಾಕ್ಟರಿಗೆ ಹೇಳಿದೆ.

"ಹಂಗಾರೆ ಆಯಮ್ಮಂದೇ ಕೆಲ್ಸ" ಎಂದರು ಅವರು. ರಜೆಯ ವಿಷಯಕ್ಕೆ ಅವರಿಗೂ ಅಕ್ಕನಿಗೂ ಮಾತು ಬೆಳೆದಿತ್ತು.

ಡಾಕ್ಟರು ಕರೆಸಿದ್ದಕ್ಕೆ ಮರುದಿನ ಹನ್ನೊಂದರ ಹೊತ್ತಿಗೆ ಅಕ್ಕ ಬಸ್ಸಿಳಿದು ಬಂದರು. ಕೌಂಟರಿನ ಹುಡುಗಿಯರು, ಕಾದು ಕೂತಿದ್ದ ರೋಗಿಗಳು ಎಲ್ಲರಿಗೂ ಕೇಳುವಂತೆ ಡಾಕ್ಟರು ಬಾಗಿಲಲ್ಲೇ ಶುರು ಮಾಡಿದರು.

"ಯಾಕಮ್ಮಾ ಅಳಿಸ್ತೀಯಾ? ನನ್ ಮ್ಯಾಲಿನ ಸಿಟ್ಟು ರೋಗಿಗಳ ಮ್ಯಾಲೆ ತೀರಿಸ್ಕಂತೀಯಾ?"

"ನಾನು ಅಂಥೋಳಲ್ಲ ಸಾರ್."

ಒಳಗೆ ಕರೆದು ಒಂದು ಬಿಳಿ ಹಾಳೆ ಕೊಟ್ಟರು, ಕೆಲಸ ಬಿಡುತ್ತೇನೆಂದು ಬರೆಯಲು. ಅಕ್ಕನ ಫೋನ್ ಹೊಡೆದುಕೊಂಡಿತು. ಅವರವ್ವ. "ಏಮೀ ಲೇದಮ್ಮಾ, ಏನಿಲ್ಲ, ಬರ್ತೀನಿ" ಎಂದು ಇಟ್ಟುಬಿಟ್ಟರು. ಪೆನ್ನು ಮುಟ್ಟಲಿಲ್ಲ.

ನಾನು ಅದೇ ಕೋಣೆಯಲ್ಲಿ ಪರದೆಯ ಮುಂದಿದ್ದೆ. ಅಕ್ಕ ಬಸ್ಸು ಹತ್ತುವ ಮೊದಲು ಕಳಿಸಿದ್ದ ವರದಿಗಳು ಆಗಲೇ ಹೋಗಿದ್ದವು.

"ಸರ್," ಎಂದೆ. "ಬೆಳಿಗ್ಗೆಯವೂ ಇಲ್ಲ."

"ದಾರಿಯಾಗೆ ಬಸ್ಸಲ್ಲಿ ಕುಂತು ಅಳಿಸಿದ್ನಾ ನಾನು?" ಅಕ್ಕ ಬ್ಯಾಗಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ಶಾಖೆಗೆ ಬೀಗ ಹಾಕೀನಿ. ನನ್ ಫೋನಾಗೆ ಇಂಟರ್ನೆಟ್ಟೂ ಇಲ್ಲ, ನೋಡ್ರಿ."

ಪ್ರೋಬ್ ಸುಮ್ಮನಿತ್ತು ಎಂದರೆ ಏನೂ ನಡೆದಿಲ್ಲವೆಂದಲ್ಲ. ನಾನು ಕೊಟ್ಟ ಆ ಒಂದು ನಂಬರಿನ ಕೆಲಸ ಅಳಿಸಿಲ್ಲ, ಅಷ್ಟೇ. ಅಕ್ಕನ ಲಾಗಿನ್ನನ್ನಾದರೂ ನಾನು ನೋಡಿದ್ದೆನೇ? ಅದೂ ಇಲ್ಲ.

ಫಿಲ್ಟರ್ ತೆಗೆದೆ. ಸಾಲುಗಳು ಕಣ್ಣಿಗೆ ನಿಲ್ಲದಷ್ಟು ವೇಗವಾಗಿ ಓಡಿದವು, ಸರ್ವರ್ ತೆವಳತೊಡಗಿತು. "ಮೇಡಂ, ರಶೀದಿ ಬರ್ತಿಲ್ಲ!" ಎಂದು ಕೌಂಟರಿನಿಂದ ಕೂಗಿದರು. ಡಾಕ್ಟರು ಎದ್ದು ನಿಂತರು. ಗಾಬರಿಯಲ್ಲಿ ಪ್ರೋಬ್ ನಿಲ್ಲಿಸಿದೆ. ಆಗ ಹೊಳೆಯಿತು: ಪ್ರೋಗ್ರಾಂ ತಾನೇ ಅಳಿಸದೆ, ಆ ಕೆಲಸಕ್ಕೊಂದು ಮರಿ ಪ್ರಕ್ರಿಯೆಯನ್ನು ಹುಟ್ಟಿಸಿ ಬಿಟ್ಟರೆ? ಮರಿಗೆ ಪ್ರತಿ ಸಲವೂ ಹೊಸ ನಂಬರು. ತಾಯಿಯ ನಂಬರನ್ನಷ್ಟೇ ಹಿಡಿದು ಕೂತ ನನ್ನ ಫಿಲ್ಟರ್‌ಗೆ ಅದು ಕಾಣುವುದೇ ಇಲ್ಲ.

ಈ ಸಲ ಪ್ರೋಗ್ರಾಂ ಮತ್ತು ಅದಕ್ಕೆ ಹುಟ್ಟಿದ್ದೆಲ್ಲವನ್ನೂ ಹಿಡಿಯುವಂತೆ ಬರೆದೆ. ಪರೀಕ್ಷಿಸಲು ವರದಿ ಬೇಕಿತ್ತು. ಅಕ್ಕ ಪೆನ್‌ಡ್ರೈವ್ ಚಾಚಿದರು; ಸರ್ವರಿನ ಮೇಲೆ ನಂಬಿಕೆ ಹೋಗಿ ಆ ವಾರದಿಂದ ಎಲ್ಲದರ ನಕಲು ಇಟ್ಟುಕೊಂಡಿದ್ದರು. ಇವತ್ತಿನದೊಂದನ್ನು ಇದ್ದದ್ದು ಇದ್ದಂತೆಯೇ ಸರ್ವರಿಗೆ ಹಾಕಿದೆ.

ಕಾದೆವು. ಚಹಾ ಬಂತು, ಅಕ್ಕ ಮುಟ್ಟಲಿಲ್ಲ. ಡಾಕ್ಟರು ಗಡಿಯಾರ ನೋಡುತ್ತಿದ್ದರು. ಈ ಸಲವೂ ಪ್ರೋಬ್ ಸುಮ್ಮನಿದ್ದರೆ ಆ ಹಾಳೆಗೆ ಅಕ್ಕನ ಸಹಿ ಬೀಳುವುದನ್ನು ನಾನು ನೋಡುತ್ತ ಕೂರಬೇಕಿತ್ತು.

ಇಪ್ಪತ್ತು ನಿಮಿಷಕ್ಕೆ ಒಂದು ಸಾಲು ಮೂಡಿತು. ಹೊಸ ನಂಬರು, ಹುಟ್ಟಿಸಿದ್ದು ವರದಿ ಪ್ರೋಗ್ರಾಂ, ಅಳಿಸಿದ್ದು ಅಕ್ಕನ ಕಡತ. ಅರ್ಧ ಗಂಟೆಗೊಮ್ಮೆ ಹಳೆಯ ವರದಿಗಳನ್ನು ಗುಡಿಸಿ ಹಾಕುವ ಕೆಲಸವದು. ಇವತ್ತಿನ ವರದಿ ಹಳೆಯದು ಹೇಗಾಯಿತು? ಪೆನ್‌ಡ್ರೈವಿನಲ್ಲಿ ಅದರ ತಾರೀಖು ನೋಡಿದೆ. ಎಷ್ಟೋ ವರ್ಷ ಹಿಂದಿನದು.

"ಕರೆಂಟು ಹೋಗಿ ಬಂದಾಗೆಲ್ಲ ನಮ್ ಕಂಪ್ಯೂಟರ್ ತಾರೀಖು ಹಿಂದಕ್ಕೆ ಹೋಗ್ತೈತೆ," ಅಕ್ಕ ನನ್ನತ್ತ ತಿರುಗಿದರು. "ನಿಮಗೇ ಫೋನ್ ಮಾಡಿ ಹೇಳಿದ್ನಲ್ಲ. ಬರ್ತೀನಿ ಅಂದಿದ್ರಿ."

ಹೇಳಿದ್ದರು. ನಾನು ಹೋಗಿರಲಿಲ್ಲ. ಶಾಖೆಯ ಕಂಪ್ಯೂಟರಿನ ಒಳಗಿನ ಗಡಿಯಾರದ ಬ್ಯಾಟರಿ ಸತ್ತಿತ್ತು, ಅಷ್ಟೇ.

ಡಾಕ್ಟರು ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು. "ಸರಿ, ಹೋಗಮ್ಮಾ, ಬಸ್ಸಿಗೆ ಹೊತ್ತಾಗ್ತೈತೆ" ಎಂದರು.

ಅಕ್ಕನ ಹಿಂದೆಯೇ ಮೆಟ್ಟಿಲವರೆಗೆ ಹೋಗಿ, "ತಪ್ಪಾಯ್ತಕ್ಕ" ಎಂದೆ.

"ಬಯ್ದಿದ್ದು ಎಲ್ರ ಮುಂದೆ," ಎಂದರು ಅಕ್ಕ. "ತಪ್ಪಾಯ್ತು ಅಂಬೋದು ಮೆಟ್ಲತ್ರ ಹೇಳಿದ್ರೆ ಯಾರಿಗೆ ಕೇಳ್ಸತೈತೆ?"

ಅವರನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋದೆ. ಕೌಂಟರಿನ ಮುಂದೆ ನಿಂತು, ವರದಿ ಅಳಿಸಿದ್ದು ನಮ್ಮ ಪ್ರೋಗ್ರಾಂ, ಅದು ಗೊತ್ತಾಗದೆ ತಪ್ಪು ಈ ಅಕ್ಕನ ಮೇಲೆ ಬರುವಂತೆ ಮಾಡಿದ್ದು ನಾನು ಎಂದೆ. ಹುಡುಗಿಯರು ಬರೆಯುವುದನ್ನು ನಿಲ್ಲಿಸಿ ನೋಡಿದರು. ತಿರುಗಿ ನೋಡಿದಾಗ ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾನು ಬ್ಯಾಟರಿ ಕೊಳ್ಳಲು ಹೋದೆ.