ಕಾಕು ನನ್ನ ಮನೆಗೆ ಬಾರದ ಶನಿವಾರ

ಇದು ಎಂಟು-ಹತ್ತು ವರ್ಷದ ಹಿಂದಿನ ಮಾತು. ನನ್ನಪ್ಪನ ತಮ್ಮ ಕಾಕಾ, ಅವರ ಹೆಂಡತಿ ಕಾಕು ಸಿಯಾಟಲ್‌ಗೆ ಬಂದು ಪಕ್ಕದ ಊರು ಬೆಲ್ವ್ಯೂನಲ್ಲಿ ಕಾಕುವಿನ ಅಕ್ಕನ ಮಗನ ಮನೆಯಲ್ಲಿ ಇಳಿದುಕೊಂಡಿದ್ದರು. ಇದ್ದ ಮೂರು ದಿನದಲ್ಲಿ ಶನಿವಾರವನ್ನು ನನಗೆಂದು ಕೊಟ್ಟರು. ಅಷ್ಟು ಸಾಕಿತ್ತು. ನನ್ನ ವಿಚ್ಛೇದನವಾಗಿ ಮೂರು ವರ್ಷ ಕಳೆದಿತ್ತು, ಅಷ್ಟರಲ್ಲಿ ಗದಗಿನ ನಮ್ಮವರು ಯಾರೂ ನನ್ನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಸಿಯಾಟಲ್ ಪೇಟೆಯ ಪಕ್ಕದ ಸೌತ್ ಲೇಕ್ ಯೂನಿಯನ್‌ನಲ್ಲಿ ಹನ್ನೊಂದನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಅಡುಗೆಮನೆಯ ಕಿಟಕಿಯಲ್ಲಿ ಕತ್ತು ಚಾಚಿದರೆ ಚೂರೇ ಚೂರು ಕೆರೆ. ಅದನ್ನು ಇವರಿಗೆ ತೋರಿಸಬೇಕು, ನನ್ನ ಕೈಯಾರೆ ಊಟ ಬಡಿಸಬೇಕು ಎಂಬುದಷ್ಟೇ ನನ್ನ ಆಸೆ. ಬೆಳಿಗ್ಗೆ ಐದಕ್ಕೆದ್ದು ಎಣ್ಣೆಗಾಯಿ ಮಾಡಿದೆ, ರೊಟ್ಟಿ ಬಡಿದೆ. ಎರಡು ರೊಟ್ಟಿ ಹರಿದವು. ಅವನ್ನು ನಾನೇ ತಿಂದು ಸಾಕ್ಷಿ ನಾಶ ಮಾಡಿದೆ.

ಮೊದಲು ಪೇಟೆಯ ದೊಡ್ಡ ಮಾರ್ಕೆಟ್ಟಿಗೆ ಕರೆದೊಯ್ದೆ. ಅಂಗಡಿಯವರು ಮೀನನ್ನು ಚೆಂಡಿನಂತೆ ಎಸೆದು ಹಿಡಿಯುವುದನ್ನು ನೋಡಲು ಅಲ್ಲಿ ಜನ ಮುಗಿಬೀಳುತ್ತಾರೆ. ಕಾಕಾ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಾಲ್ಕು ವಿಡಿಯೊ ತೆಗೆದರು.

ಹೊರಗೆ ಬಂದ ಮೇಲೆ ನಾನು, "ಮನಿ ಇಲ್ಲೇ ಹತ್ತು ನಿಮಿಷದ ದಾರಿ. ಊಟ ಮಾಡ್ಕೊಂಡು ಮುಂದ ಹೋಗೂಣ ನಡೀರಿ," ಎಂದೆ.

"ಈಗ ಬ್ಯಾಡವಾ, ಮೊದಲ ಫಾಲ್ಸ್ ನೋಡೂಣ," ಎಂದರು ಕಾಕು.

ಸ್ನೊಕ್ವಾಲ್ಮಿ ಜಲಪಾತವನ್ನು ಕಾಕಾ ಮೇಲಿನಿಂದ ಕೆಳಗಿನವರೆಗೂ ಒಮ್ಮೆ ನೋಡಿ, "ನಮ್ಮ ಗೋಕಾಕ ಮುಂದ ಇದೇನೂ ಲೆಕ್ಕಕ್ಕಿಲ್ಲ," ಎಂದು ತೀರ್ಪು ಕೊಟ್ಟರು. ನಾನು ಮತ್ತೆ ಮನೆಯ ಮಾತು ತೆಗೆಯುವಷ್ಟರಲ್ಲಿ ಕಾಕು ಬ್ಯಾಗಿನಿಂದ ಚಪಾತಿ, ಶೇಂಗಾ ಚಟ್ನಿ ತೆಗೆದು ಬೆಂಚಿನ ಮೇಲೆ ಹರಡಿಯೇ ಬಿಟ್ಟಿದ್ದರು. ಬುತ್ತಿ ಕಟ್ಟಿಕೊಂಡೇ ಬಂದಿದ್ದರು! ನನಗೆ ಸಿಟ್ಟು ಬಂತು. ಆದರೂ ನಾಲ್ಕು ಚಪಾತಿ ತಿಂದೆ. ಕಾಕುವಿನ ಚಟ್ನಿಯ ಮೇಲೆ ಸಿಟ್ಟು ತೋರಿಸುವುದು ನನಗೆ ಇನ್ನೂ ಬಂದಿಲ್ಲ.

ಬೆಲ್ವ್ಯೂನ ಅಂಗಡಿಗಳನ್ನು ಸುತ್ತುವುದರಲ್ಲಿ ಸಂಜೆಯಾಯಿತು. ಕಾಕು ಊರಿನಲ್ಲಿ ಎಲ್ಲರ ಪಾದವನ್ನೂ ಹಳೆಯ ಪೇಪರಿನ ಮೇಲೆ ಇಡಿಸಿ, ಸುತ್ತ ಗೆರೆ ಎಳೆದು, ಕತ್ತರಿಸಿ ತಂದಿದ್ದರು. ಆ ಕಾಗದದ ಪಾದಗಳನ್ನು ಒಂದೊಂದಾಗಿ ಶೂಗಳೊಳಗೆ ತೂರಿಸಿ ನೋಡುವ ಕೆಲಸ ನನ್ನದಾಯಿತು. ಸ್ವೆಟರಿಗೆ ನಾನೇ ಗೊಂಬೆ. "ನಿನ್ನ ಅಳತೀನ ಅಕಿಂದೂ," ಎಂದು ತಮ್ಮ ಮಗಳಿಗೆ ಆರಿಸಿದ್ದನ್ನು ನನಗೆ ತೊಡಿಸಿ, ಹಿಂದೆ ಮುಂದೆ ತಿರುಗಿಸಿ, ಬಿಚ್ಚಿಸಿಕೊಂಡರು. ಕಾಕಾ, ಕಾಕು ಇಬ್ಬರ ನಡುವೆ ನಿಂತಿದ್ದೂ ನಾನು ಒಬ್ಬಳೇ ಇದ್ದೇನೆ ಅನ್ನಿಸಿತು. ಮುಂದಿನ ಸ್ವೆಟರಿಗೆ ಕೈ ಎತ್ತಿದೆ.

ಅವರನ್ನು ಕಾಕುವಿನ ಅಕ್ಕನ ಮಗನ ಮನೆಗೆ ಬಿಡಲು ಹೋಗಿ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದಾಗ ಕಾಕಾ ಚೀಲಗಳನ್ನೆಲ್ಲ ಹೊತ್ತುಕೊಂಡು ಮೊದಲೇ ಲಿಫ್ಟಿನ ಕಡೆ ನಡೆದರು. ಕಾಕು ಇಳಿಯುವ ಮುಂಚೆ ನಾನು ಕೇಳಿಯೇ ಬಿಟ್ಟೆ.

"ಕಾಕು, ಖರೇ ಹೇಳ್ರಿ. ನನ್ನ ಮನಿಗೆ ಯಾಕ ಬರ್ಲಿಲ್ಲ?"

ಅವರು ಬಿಚ್ಚಿದ್ದ ಸೀಟ್‌ಬೆಲ್ಟನ್ನು ಕೈಯಲ್ಲೇ ಹಿಡಿದು ಕೂತರು. "ಬಂದ್ರ ಉಡಿ ತುಂಬಬೇಕಲ್ಲವಾ," ಎಂದರು.

ನಮ್ಮ ಕಡೆ ಮದುವೆಯಾದ ಮಗಳ ಮನೆಗೆ ಹೋದ ತವರಿನವರು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬದೆ ಹೊರಡುವುದಿಲ್ಲ. ಗಂಡನನ್ನು ಬಿಟ್ಟವಳಿಗೆ ತುಂಬಬೇಕೋ ಬೇಡವೋ ಎಂಬುದಕ್ಕೆ ನಮ್ಮಲ್ಲಿ ಪದ್ಧತಿಯೇ ಇರಲಿಲ್ಲ. ಮನೆತನದಲ್ಲಿ ಹಾಗೆ ಬಿಟ್ಟು ಬಂದ ಮೊದಲನೆಯವಳು ನಾನು.

"ತುಂಬ್ರಿ ಮತ್ತ," ಎಂದೆ.

"ತುಂಬಬೇಕೋ ಬ್ಯಾಡೋ, ಯಾರನ್ನ ಕೇಳ್ಲಿ? ನಿಮ್ಮವ್ವನ್ನ ಕೇಳಿದ್ರ ಫೋನಿನ್ಯಾಗ ಅಳಾಕ ಹತ್ತಿದ್ಲು."

"ಹಂಗಾರ ಬರೀ ಕೈಲೆ ಬರ್ರಿ. ಒಂದು ಕಪ್ ಚಾ ಕುಡದು ಹೋಗ್ರಿ."

"ತವರಮನಿಯವರು ಬರೀ ಕೈಲೆ ಬರ್ತಾರೇನು?" ಎಂದು ನನ್ನ ಕೆನ್ನೆ ಸವರಿ ಇಳಿದು ಹೋದರು.

ಅವರ ಕಣ್ಣಲ್ಲಿ ನೀರಿತ್ತು. ಹಾಗಾಗಿ ಅವರನ್ನು ಮನಸಾರೆ ಬೈದುಕೊಳ್ಳುವ ಸುಖವೂ ನನಗೆ ಸಿಗಲಿಲ್ಲ. ಗಂಡನ ಮನೆಯನ್ನು ನಾನೇ ಬೇಡವೆಂದು ಬಿಟ್ಟಿದ್ದೆ, ಅದಕ್ಕಾಗಿ ಒಂದು ದಿನವೂ ಅತ್ತಿರಲಿಲ್ಲ. ಅದರ ಜೊತೆಗೆ ತವರುಮನೆಯೂ ಬಿಟ್ಟುಹೋಗಿದೆ ಎಂದು ನನಗೆ ಗೊತ್ತಾಗಿದ್ದು ಅವತ್ತು, ಆ ಪಾರ್ಕಿಂಗಿನಲ್ಲಿ.