ಇಳಿಜಾರಿಗೆ ಇನ್ನೊಂದು ಹೆಸರು

ಹತ್ತನೇ ತರಗತಿಗೆ ಓದು ಮುಗಿಸಿದ ನನಗೊಂದು ಚಟವಿದೆ: ಯಾವ ಕೆಲಸ ಗೊತ್ತಿಲ್ಲವೋ ಅದನ್ನೇ ಮುಂದೆ ನಿಂತು ಮಾಡಿಸುವುದು. ತಿರುವನಂತಪುರದ ಪಟ್ಟಂನಲ್ಲಿ, ನಮ್ಮ ಫ್ಲ್ಯಾಟಿನೆದುರಿನ ಪುಟ್ಟ ಪಾರ್ಕಿಗೆ ನಾನು ಕಾರ್ಯದರ್ಶಿಯಾದದ್ದೂ ಹಾಗೆಯೇ. ಕಾಸರಗೋಡಿನಿಂದ ಬಂದು ಸರಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಆಯುಷ್ಯ ಸವೆಸಿದವನಿಗೆ ನಿವೃತ್ತಿಯಲ್ಲಿ ಒಂದು ಸೀಲಾದರೂ ಬೇಡವೇ?

ಪಾರ್ಕಿಗೆ ಹತ್ತಲು ಮೂರು ಮೆಟ್ಟಿಲು. ನೆರೆಮನೆಯ ಶಾರದಾ ಟೀಚರ್ ಗಾಲಿಕುರ್ಚಿಯಲ್ಲಿ ಗೇಟಿನ ಹೊರಗೇ ಉಳಿದು, ಒಳಗಿನ ನಮ್ಮ ಹರಟೆಗೆ ಕಿವಿಗೊಡುತ್ತಿದ್ದರು. ನಾಲ್ಕು ಜನ ಎತ್ತಿ ಒಳಗಿಡುತ್ತೇವೆ ಎಂದು ನಾನು ಎಷ್ಟೋ ಸಲ ಔದಾರ್ಯ ತೋರಿಸಿದ್ದೆ.

"ಎತ್ತುವುದು ಬೇಡ ಸಾರೇ. ನಾನೇ ಬರುವ ದಾರಿ ಮಾಡಿ."

ಮೆಟ್ಟಿಲ ಪಕ್ಕ ಗಾಲಿಕುರ್ಚಿಗೊಂದು ಸಿಮೆಂಟಿನ ದಾರಿ ಮಾಡಿಸಿದೆ. ನನ್ನ ಯೋಚನೆ ಕನ್ನಡದಲ್ಲಿ, ವ್ಯವಹಾರ ಮಲಯಾಳದಲ್ಲಿ. ಹಾಗಾಗಿ ತಲೆಯೊಳಗಿನ 'ಇಳಿಜಾರು' ಮೇಸ್ತ್ರಿಯ ಮುಂದೆ 'ಇರಕ್ಕಂ' ಆಯಿತು, ಎಂದರೆ ಇಳಿತ. "ಇನ್ನೂ ಉದ್ದ ಬೇಕಲ್ಲ ಸಾರೇ?" ಎಂದ ಆತ. ಉದ್ದ ಮಾಡಿದರೆ ನಾನು ನೆಟ್ಟ ಗುಲಾಬಿ ಗಿಡಗಳು ಹೋಗುತ್ತಿದ್ದವು. ಬೇಡವೆಂದೆ. ಮೇಲಿನಿಂದ ನೋಡಲು ಬಹಳ ಚೆನ್ನಾಗಿತ್ತು. ನಾನು ಮೇಲಿನಿಂದ ಮಾತ್ರ ನೋಡಿದ್ದೆ.

ಟೀಚರ್ ಅರ್ಧ ಏರಿದರು. ಕುರ್ಚಿ ಹಿಂದಕ್ಕೆ ಜಾರಿತು. ನನ್ನ ಹೆಂಡತಿ ಹಿಡಿಯದಿದ್ದರೆ ಅದು ರಸ್ತೆಗೇ ಹೋಗುತ್ತಿತ್ತು.

"ಸಾರಿಗೆ ಇದು ಇರಕ್ಕಂ," ಏದುಸಿರಿನಲ್ಲೂ ಟೀಚರ್ ಪಾಠ ಮಾಡಿದರು, "ನನಗೆ ಕಯಟ್ಟಂ!" ಕಯಟ್ಟಂ ಎಂದರೆ ಏರು.

ಹೆಂಡತಿ ಕನ್ನಡದಲ್ಲಿ ಸೇರಿಸಿದಳು: "ಇದು ಮನುಷ್ಯರಿಗಾ, ಗೋಣಿ ಉರುಳಿಸಲಿಕ್ಕಾ ಮಾರಾಯ್ರೆ?"

ನಮ್ಮ ಭಾಷೆಯಲ್ಲಿ ಇಳಿಜಾರು ಎಂದು ಹೆಸರಿಟ್ಟವನು ಮೇಲೆ ನಿಂತವನೇ ಇರಬೇಕು. ಕೆಳಗಿದ್ದವರನ್ನು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪದ ಕಟ್ಟಿದವನನ್ನು ಕ್ಷಮಿಸಬಹುದು. ಅವನ ಪದದಿಂದ ಯಾರೂ ಬೀಳಲಿಲ್ಲ.

ಆ ವಾರವೇ ಗುಲಾಬಿ ಗಿಡಗಳನ್ನು ನನ್ನ ಕೈಯಾರೆ ಕಿತ್ತೆ. ಈ ಸಲ ಎಷ್ಟು ಉದ್ದ, ಎಲ್ಲಿ ತಿರುವು, ಕಂಬಿ ಎಷ್ಟು ಎತ್ತರದಲ್ಲಿ ಎಂದು ಟೀಚರೇ ಹೇಳಿದರು. ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದಷ್ಟೇ ನಾನು.

ಸಿಮೆಂಟು ಒಣಗಿದ ಮೇಲೆ ಒಂದು ಸಂಜೆ ಅವರು ಹೊರಟರು. ಸಹಾಯಕ್ಕೆ ಚಾಚಿದ ನನ್ನ ಕೈಯನ್ನು ಹೆಂಡತಿ ಹಿಡಿದುಕೊಂಡಳು. ತಿರುವಿನಲ್ಲಿ ಕುರ್ಚಿ ನಿಂತಿತು. ಆಮೇಲೆ ಗಾಲಿ ಉರುಳಿತು, ಒಳಗಿನ ಹುಲ್ಲು ಮುಟ್ಟಿತು. ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು.

"ಇದೇನಿದು? ಪಾರ್ಕಿಗೆ ಬಂದವರಿಗೆಲ್ಲ ಹೀಗೆ ತಟ್ಟುತ್ತೀರಾ?" ಟೀಚರ್ ಗದರಿದರು.

ಈಗ ದಿನವೂ ಬರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ನಿನ್ನೆ ಅವರು ನನ್ನ ಮಾತಿನಲ್ಲಿ ಎರಡು ವ್ಯಾಕರಣದ ತಪ್ಪು ಹಿಡಿಯುವವರೆಗೆ, ಪಕ್ಕಕ್ಕೆ ಬಂದದ್ದೇ ನನಗೆ ತಿಳಿದಿರಲಿಲ್ಲ. ನಾನು ಮಾಡಿಸಿದ ಕೆಲಸಗಳಲ್ಲಿ ಗೆದ್ದದ್ದು ಇದೊಂದೇ.